ರೈಟ್ರು ಯಾರ ಕಡೆ?

(ಚಿಕ್ಕಮಗಳೂರಿನಲ್ಲಿ, ಧಾರಾವಾಹಿಗಳಿಗೆ ಬರೆಯುತ್ತಿರುವ ಮತ್ತು ಬರೆಯಬೇಕೆಂದಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ಕೈಬಿಟ್ಟಿದ್ದೇನೆ. ಅವಸರದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ತಂದೆ ರೈಟರ್ ಆಗಿದ್ದರು. ಈ ಮಾತನ್ನು ಬೆಂಗಳೂರಿನಲ್ಲಿ ಹೇಳಿದರೆ ಕತೆಯೋ ಕಾದಂಬರಿಯೋ ಬರೆಯುತ್ತಿದ್ದರು ಅಂದುಕೊಳ್ಳುತ್ತಾರೆ. ಚಿಕ್ಕಮಗಳೂರಿನಲ್ಲಿ ಹೇಳಿದರೆ ಯಾವ ತೋಟ ಅಂತ ಕೇಳುತ್ತಾರೆ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಅವರು ಇಪ್ಪತ್ತಾರು ವರ್ಷ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದರು. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ತಿಂಗಳ ಸಂಬಳ ಬರುತ್ತಿದ್ದದ್ದು ಸಾಹುಕಾರರಿಂದ, ಮನೆ ಇದ್ದದ್ದು ಆಳುಗಳ ಲೈನು ಮನೆಗಳ ಪಕ್ಕದಲ್ಲಿ. ಅಪ್ಪನ ಜೇಬಿನಲ್ಲಿದ್ದದ್ದು ಒಂದು ಪೆನ್ನು. ಒಬ್ಬಳ ಹೆಸರಿನ ಮುಂದೆ ಪೂರ್ತಿ ಹಾಜರಿ ಬೀಳುತ್ತದೋ ಅರ್ಧ ಬೀಳುತ್ತದೋ ಅನ್ನುವುದು ಆ ಪೆನ್ನಿಗೆ ಸೇರಿದ್ದು. "ರೈಟ್ರೇ, ನಂಗೆ ಅರ್ಧ ಯಾಕೆ ಹಾಕಿದ್ರಿ?" ಅಂತ ಜಗಲಿಗೆ ಬಂದು ಕೇಳುತ್ತಿದ್ದ ಹೆಂಗಸರ ದನಿ ಇವತ್ತಿಗೂ ನನಗೆ ನೆನಪಿದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಕೊಯ್ಲಿನ ನಡುವೆ ಆಳುಗಳು ಕೆಲಸ ನಿಲ್ಲಿಸಿದರು. ಹಣ್ಣು ತೂಗುವಾಗ ಚೀಲದ ಭಾರ ಅಂತ ಕಳೆಯುತ್ತಿದ್ದದ್ದು ಜಾಸ್ತಿಯಾಯಿತು ಅನ್ನುವುದು ತಕರಾರು. ಮೊದಲ ದಿನ ಸಂಜೆ ಮೇಸ್ತ್ರಿ ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದ್ದು ಇಷ್ಟು: "ರೈಟ್ರೇ, ನೀವು ಆಫೀಸಿಗೆ ಹೋಗಿ, ಪುಸ್ತಕ ಬರೀರಿ, ಕಣದಲ್ಲಿ ಒಣಗ್ತಿರೋದನ್ನ ನೋಡ್ಕಳಿ. ನಾವು ಬೇಡ ಅನ್ನಲ್ಲ, ಅದು ನಿಮ್ ಕೆಲ್ಸ. ಹೊರಗಿಂದ ಜನ ಕರೆಸಿ ಹಣ್ಣು ಕುಯ್ಸಿದ್ರೆ, ಆ ತಕ್ಕಡಿ ಮಾತ್ರ ನೀವು ಹಿಡೀಬೇಡಿ."

ಅಪ್ಪ ಹಿಡಿಯಲಿಲ್ಲ. ಸಾಹುಕಾರರು ಬೈದರು, ಅಪ್ಪ ನಿಂತು ಬೈಸಿಕೊಂಡರು. ಒಂಬತ್ತನೆಯ ದಿನ ಮಾತುಕತೆ ಶುರುವಾದಾಗ ಎರಡೂ ಕಡೆಯವರು ನಡುವೆ ಕೂರಲು ಕರೆದದ್ದು ಅವರನ್ನೇ.

ಆ ಮೇಸ್ತ್ರಿ ನಮ್ಮ ಜಗಲಿಯ ಮೇಲೆ ಕೂತು ಎಳೆದ ಗೆರೆ ಇದೆಯಲ್ಲ, ಅದೇ ಗೆರೆಯನ್ನು ಎಲ್ಲಿ ಎಳೆಯಬೇಕು ಅಂತ ಅಮೆರಿಕದ ಟೀವಿ ಬರಹಗಾರರ ಸಂಘ, ಅಲ್ಲಿನ ಸ್ಟುಡಿಯೋಗಳು, ಅಲ್ಲಿನ ಸುಪ್ರೀಂ ಕೋರ್ಟು ಸೇರಿ ವರ್ಷಗಟ್ಟಲೆ ಜಗ್ಗಾಡಿವೆ. ಬರೆಯುವವನೇ ಬರೆಸುವವನೂ ಆದಾಗ ಅವನು ಯಾರ ಕಡೆ? ನಾನು ಇವತ್ತು ಮಾತಾಡುವುದು ಈ ಒಂದೇ ಪ್ರಶ್ನೆಯ ಬಗ್ಗೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹುದ್ದೆಯ ಹೆಸರು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ, ಆ ದಿನ ಕೈ ಮಾಡುತ್ತಿರುವ ಕೆಲಸ ನೋಡಿ ತೀರ್ಮಾನಿಸಬೇಕು. ಯಾವ ಕೆಲಸ ಯಾವುದು ಅನ್ನುವುದನ್ನು ಜಗಳ ಶುರುವಾಗುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

ಅಮೆರಿಕದಲ್ಲಿ ಸಿನಿಮಾಕ್ಕೂ ಟೀವಿಗೂ ಬರೆಯುವವರ ಸಂಘದ ಹೆಸರು ರೈಟರ್ಸ್ ಗಿಲ್ಡ್ ಆಫ್ ಅಮೆರಿಕ. ಪೂರ್ವ, ಪಶ್ಚಿಮ ಅಂತ ಎರಡು ಅಂಗಗಳಾಗಿ 1954ರಿಂದ ಇದೆ. ಅದರ ಬೇರು 1933ರ ಸ್ಕ್ರೀನ್ ರೈಟರ್ಸ್ ಗಿಲ್ಡ್‌ನಲ್ಲಿದೆ. ಸ್ಟುಡಿಯೋಗಳ ಜೊತೆ ಅದು ಮಾಡಿಕೊಳ್ಳುವ ಒಪ್ಪಂದಕ್ಕೆ 'ಮಿನಿಮಮ್ ಬೇಸಿಕ್ ಅಗ್ರಿಮೆಂಟ್' ಅನ್ನುತ್ತಾರೆ, ಸಾಮಾನ್ಯವಾಗಿ ಮೂರು ವರ್ಷದ್ದು. ಇದಕ್ಕಿಂತ ಕಡಿಮೆಗೆ ಯಾರನ್ನೂ ದುಡಿಸಿಕೊಳ್ಳುವಂತಿಲ್ಲ ಅನ್ನುವ ತಳದ ಮಟ್ಟ ಅದು. ಮೇಲಿನದನ್ನು ಅವರವರು ಕುದುರಿಸಿಕೊಳ್ಳಬಹುದು.

ಅಲ್ಲಿ ಟೀವಿ ಬರಹಗಾರರು ಹತ್ತುವ ಮೆಟ್ಟಿಲುಗಳ ಹೆಸರು ಕೇಳಿ. ಸ್ಟಾಫ್ ರೈಟರ್ ಆಗಿ ಸೇರುತ್ತಾರೆ. ಆಮೇಲೆ ಸ್ಟೋರಿ ಎಡಿಟರ್. ಅದರ ಮೇಲೆ ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್, ಸೂಪರ್‌ವೈಸಿಂಗ್ ಪ್ರೊಡ್ಯೂಸರ್, ಹೀಗೆ ತುದಿಯಲ್ಲಿ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್. ಎರಡನೆಯ ಮೆಟ್ಟಿಲಿನಿಂದಲೇ 'ರೈಟರ್' ಅನ್ನುವ ಪದ ಹುದ್ದೆಯಿಂದ ಕಾಣೆಯಾಗುತ್ತದೆ, ಆದರೆ ಅವರೆಲ್ಲ ಬರೆಯುತ್ತಲೇ ಇರುತ್ತಾರೆ. ತುದಿಯಲ್ಲಿ ನಿಂತು ಇಡೀ ಸರಣಿಯನ್ನು ನಡೆಸುವವರನ್ನು ಷೋರನ್ನರ್ ಅನ್ನುತ್ತಾರೆ. ಬರಹಗಾರರನ್ನು ಆರಿಸುವುದು, ನಟರನ್ನು ಒಪ್ಪುವುದು, ಖರ್ಚಿನ ಲೆಕ್ಕ, ಎಡಿಟಿಂಗ್ ಟೇಬಲ್ ಎಲ್ಲವೂ ಅವರದೇ, ಜೊತೆಗೆ ಕೊನೆಯ ಕರಡು ಕೂಡ. ಹೀಗೆ ಎರಡು ಕೆಲಸ ಹೊತ್ತವರನ್ನು ಅಲ್ಲಿನ ದಂಧೆಯಲ್ಲಿ 'ಹೈಫನೇಟ್' ಅಂತ ಕರೆಯುತ್ತಾರೆ, ರೈಟರ್ ಮತ್ತು ಪ್ರೊಡ್ಯೂಸರ್ ನಡುವೆ ಹಾಕುವ ಆ ಸಣ್ಣ ಅಡ್ಡಗೆರೆಯಿಂದ. ಅಂಥವರಿಗಾಗಿಯೇ ಒಪ್ಪಂದದಲ್ಲಿ 14ನೆಯ ವಿಧಿ ಇದೆ. ಅದರ ಹುರುಳು ಇಷ್ಟು: ನಿನ್ನನ್ನು ಏನಂತಲಾದರೂ ಕರೆಯಲಿ, ನೀನು ಬರೆಯುತ್ತಿದ್ದರೆ ಬರಹಗಾರನ ಕನಿಷ್ಠ ಸಂಭಾವನೆ, ಪಿಂಚಣಿ, ಆರೋಗ್ಯ ನಿಧಿ ನಿನಗೆ ಸಲ್ಲಬೇಕು. 'ಪ್ರೊಡ್ಯೂಸರ್' ಅನ್ನುವ ಹೆಸರು ಕೊಟ್ಟು ಸಂಘದಿಂದ ಹೊರಗೆ ತಳ್ಳಲು ಆಗಬಾರದು ಅನ್ನುವುದು ಅದರ ಉದ್ದೇಶ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನಿರ್ಮಾಪಕ ಒಂದು ಸಾಲು ತಿದ್ದಿದರೆ ಅದು ಬರವಣಿಗೆಯೇ? ಸೆಟ್ಟಿನಲ್ಲಿ ಇದ್ದವರಿಗೆ ಈ ಪ್ರಶ್ನೆ ಎಷ್ಟು ಕಷ್ಟದ್ದು ಅಂತ ಗೊತ್ತು. ಅತ್ತೆ ಪಾತ್ರದವರಿಗೆ ಜ್ವರ ಬಂದು ಆ ಮಾತನ್ನು ಚಿಕ್ಕಮ್ಮನ ಬಾಯಿಗೆ ಹಾಕಿದರೆ ಹಾಗೆ ಮಾಡಿದವರನ್ನು ಬರಹಗಾರ ಅನ್ನುತ್ತೀರಾ? ಗಿಲ್ಡಿನ ಒಪ್ಪಂದ ಈ ಸೂಕ್ಷ್ಮವನ್ನು ಬಿಡದೆ ಹಿಡಿದು ಎಂಟು ಕೆಲಸಗಳನ್ನು ಹೆಸರಿಸಿದೆ. ಇಂಗ್ಲಿಷಿನ ಮೊದಲ ಎಂಟು ಅಕ್ಷರಗಳಿಂದ ಅವನ್ನು 'ಎ ಇಂದ ಎಚ್' ಅಂತ ಕರೆಯುತ್ತಾರೆ. ಅವಧಿಗೆ ಹೊಂದಿಸಲು ಕತ್ತರಿಸುವುದು. ಹಾಗೆ ಕತ್ತರಿಸಿದಾಗ ಬಿದ್ದ ಕಿಂಡಿ ಮುಚ್ಚಲು ಬೇಕಾದ ಸೇತುವೆಯ ಮಾತು. ತಾಂತ್ರಿಕ ಸೂಚನೆ, ರಂಗಸೂಚನೆಗಳ ಬದಲಾವಣೆ. ನಟರು ಬದಲಾದ ಕಾರಣಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಕೊಡುವುದು. ಕಾನೂನಿನ ಅಥವಾ ಪ್ರಸಾರದ ಒಪ್ಪಿಗೆಗಾಗಿ ಮಾಡುವ ತಿದ್ದುಪಡಿ. ಚಿತ್ರೀಕರಣಕ್ಕೆ ಮುಂಚೆ ಅಥವಾ ನಡೆಯುವಾಗ ಸಂಭಾಷಣೆಯಲ್ಲಿ ಮಾಡುವ ಸಣ್ಣಪುಟ್ಟ ಹೊಂದಾಣಿಕೆ. ಮಳೆ, ಅಪಘಾತದಂಥ ಎಣಿಸದ ಕಾರಣಗಳಿಂದ ಬೇಕಾಗುವ ಬದಲಾವಣೆ. ಕೊನೆಯದು, ಬರಹಗಾರನಿಗೆ ಬಾಯಲ್ಲೋ ಬರಹದಲ್ಲೋ ಕೊಡುವ ಸಲಹೆ ಸೂಚನೆ. ಇವನ್ನು ನಿರ್ಮಾಪಕರೋ ನಿರ್ದೇಶಕರೋ ಮಾಡಿದರೆ ಅವರು ಬರಹಗಾರರ ಕೆಲಸ ಮಾಡಿದರು ಅಂತ ಎಣಿಸುವುದಿಲ್ಲ.

ಈ ಎಂಟನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತೇವವಾಯಿತು. ಉತ್ಪ್ರೇಕ್ಷೆ ಮಾಡುತ್ತಿಲ್ಲ. ನಮ್ಮ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿ, ಇದು ತಿದ್ದುವುದು, ಇದು ಬರೆಯುವುದು ಅಂತ ಯಾರೋ ಕೂತು ಬಿಡಿಸಿಟ್ಟಿದ್ದಾರಲ್ಲ ಅನ್ನಿಸಿತು. ಬರವಣಿಗೆಯ ಮೇಲೆ ಮರ್ಯಾದೆ ಇಲ್ಲದವರು ಇಂಥ ಪಟ್ಟಿ ಮಾಡುವುದಿಲ್ಲ.

ಆದರೆ ಜಗಳ ಹುಟ್ಟಿದ್ದೂ ಇದೇ ಪಟ್ಟಿಯಿಂದ. 1973ರ ಮಾರ್ಚ್‌ನಲ್ಲಿ ಗಿಲ್ಡ್ ಮುಷ್ಕರ ಹೂಡಿತು, ಜೂನ್ ಕೊನೆಯವರೆಗೂ ನಡೆಯಿತು. ಸದಸ್ಯರಿಗೆ ಮುಷ್ಕರದ ನಿಯಮಗಳನ್ನು ಹಂಚಿ, ಧರಣಿಯ ಸಾಲು ದಾಟಿ ಸ್ಟುಡಿಯೋದೊಳಗೆ ಯಾವ ಕೆಲಸಕ್ಕೂ ಹೋಗಬೇಡಿ ಅಂದಿತು. ಸ್ಟುಡಿಯೋಗಳು ಮತ್ತು ನೆಟ್‌ವರ್ಕ್‌ಗಳು ಅದೇ ಜನಕ್ಕೆ, ಬರೆಯಬೇಡಿ, ಆದರೆ ನಿರ್ಮಾಪಕರಾಗಿ ನಮ್ಮ ಜೊತೆ ಕರಾರು ಇದೆ, ಆ ಕೆಲಸಕ್ಕೆ ಬನ್ನಿ ಅಂದವು. ಒಬ್ಬ ಮನುಷ್ಯನಿಗೆ ಎರಡು ಕಡೆಯಿಂದ ಎರಡು ಆಜ್ಞೆ. ಕೆಲವರು ಒಳಗೆ ಹೋದರು. ಗಿಲ್ಡ್ ಅವರ ಮೇಲೆ ವಿಚಾರಣೆ ನಡೆಸಿ ದಂಡ, ಅಮಾನತು, ಉಚ್ಚಾಟನೆಗಳನ್ನು ವಿಧಿಸಿತು. ತಕರಾರು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ, ಅಲ್ಲಿಂದ ಮೇಲ್ಮನವಿ ಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1978ರ ಜೂನ್‌ನಲ್ಲಿ ತೀರ್ಪು ಬಂತು. ಐವರು ಒಂದು ಕಡೆ, ನಾಲ್ವರು ಒಂದು ಕಡೆ.

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ವೈಟ್. ಅವರ ತರ್ಕ ಹೀಗಿತ್ತು. ಕೈಕೆಳಗಿನವರ ದೂರು ದುಮ್ಮಾನ ಕೇಳಿ ಬಗೆಹರಿಸಲು ತನ್ನ ಪರವಾಗಿ ಯಾರಿರಬೇಕು ಅಂತ ಆರಿಸುವುದು ಮಾಲೀಕನ ಹಕ್ಕು, ಸಂಘ ಅದಕ್ಕೆ ಅಡ್ಡಿ ಮಾಡಬಾರದು ಅಂತ ಅಲ್ಲಿನ ಕಾರ್ಮಿಕ ಕಾಯ್ದೆ ಹೇಳುತ್ತದೆ. ನಿರ್ಮಾಪಕರಾಗಿ ಕೆಲಸಕ್ಕೆ ಹೋದವರು ಸೆಟ್ಟಿನಲ್ಲಿ ಆ ದೂರುಗಳನ್ನು ಕೇಳುವವರು. ಸಂಘದ ದಂಡಕ್ಕೆ ಹೆದರಿ ಅವರು ಮನೆಯಲ್ಲೇ ಕೂತರೆ, ಅಥವಾ ಹೆದರಿಕೊಂಡೇ ಕೆಲಸ ಮಾಡಿದರೆ, ಮಾಲೀಕನ ಆ ಹಕ್ಕಿಗೆ ಬೆಲೆ ಉಳಿಯುವುದಿಲ್ಲ. ಆದ್ದರಿಂದ ಮೇಲ್ವಿಚಾರಣೆಯ ಕೆಲಸವನ್ನಷ್ಟೇ ಮಾಡಿದ ಸದಸ್ಯರನ್ನು ಗಿಲ್ಡ್ ದಂಡಿಸಿದ್ದು ತಪ್ಪು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೂವರ್ಟ್, ಮುಷ್ಕರದ ಹೊತ್ತಿನಲ್ಲಿ ತನ್ನ ಸದಸ್ಯರ ನಿಷ್ಠೆ ಕೇಳಲು ಸಂಘಕ್ಕೆ ಅಧಿಕಾರವಿದೆ, ಈ ಕಾಯ್ದೆ ಅದನ್ನು ಕಸಿಯುವುದಿಲ್ಲ ಅಂದರು.

ಇದಕ್ಕೆ ನಾಲ್ಕು ವರ್ಷ ಹಿಂದೆ, 1974ರಲ್ಲಿ, ಫ್ಲಾರಿಡಾದ ವಿದ್ಯುತ್ ಕಂಪನಿಯ ಮೊಕದ್ದಮೆಯಲ್ಲಿ ಇದೇ ಕೋರ್ಟು ಇನ್ನೊಂದು ಮಾತು ಹೇಳಿತ್ತು. ಅಲ್ಲಿ ಮೇಲ್ವಿಚಾರಕರು ಸಾಲು ದಾಟಿ ಹೋಗಿ ಮಾಡಿದ್ದು ಮುಷ್ಕರ ಹೂಡಿದ್ದ ನೌಕರರ ಕೆಲಸವನ್ನೇ. ಅಂಥವರನ್ನು ಸಂಘ ಶಿಕ್ಷಿಸಬಹುದು ಅಂದಿತ್ತು. ಎರಡು ತೀರ್ಪುಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನಮ್ಮ ಮೇಸ್ತ್ರಿಯ ಮಾತೇ ಸಿಗುತ್ತದೆ. ಆಫೀಸಿಗೆ ಹೋಗಬಹುದು. ತಕ್ಕಡಿ ಹಿಡಿಯಬಾರದು.

ನನ್ನ ಅಭಿಪ್ರಾಯ ಕೇಳಿದರೆ, 1978ರ ತೀರ್ಪು ಗೆರೆಯನ್ನು ಸರಿಯಾದ ಕಡೆ ಹುಡುಕಿತು, ಆದರೆ ಬರವಣಿಗೆ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡದೆ ಎಳೆಯಿತು. ಆ ಎಂಟು ಸಣ್ಣ ಕೆಲಸಗಳು ನಿರ್ಮಾಪಕನ ಕೆಲಸಕ್ಕೇ ಸೇರಿದವು ಅಂತಾದಾಗ, ಅಷ್ಟೇ ಹಿಡಿದುಕೊಂಡು ಒಬ್ಬ ಚುರುಕಿನ ರೈಟರ್-ಪ್ರೊಡ್ಯೂಸರ್ ಎಷ್ಟೋ ದಿನ ಒಂದು ಸರಣಿಯನ್ನು ಎಳೆಯಬಲ್ಲ. ಇದ್ದ ಕರಡುಗಳನ್ನು ಕತ್ತರಿಸಿ, ಸೇತುವೆ ಹಾಕಿ, 'ಸಣ್ಣಪುಟ್ಟ ಹೊಂದಾಣಿಕೆ' ಅಂತ ಮಾಡುತ್ತಾ ಹೋದರೆ ಹೊರಗೆ ಧರಣಿ ಕೂತವರ ಕೈ ಬರಿದಾಗುತ್ತದೆ. ಸಣ್ಣ ತಿದ್ದುಪಡಿಗೂ ಹೊಸ ದೃಶ್ಯಕ್ಕೂ ನಡುವೆ ಇರುವ ದೂರ ನಮಗೆ ಗೊತ್ತಲ್ಲ, ಒಂದು ಕಪ್ ಕಾಫಿ ಕುಡಿಯುವಷ್ಟು.

2007ರಲ್ಲಿ ಇದು ಮತ್ತೆ ಎದ್ದಿತು. ಆ ವರ್ಷದ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ, ನೂರು ದಿನ, ಗಿಲ್ಡ್ ಮುಷ್ಕರದಲ್ಲಿತ್ತು. ಇಂಟರ್‌ನೆಟ್ಟಿನಲ್ಲಿ ತೋರಿಸುವುದಕ್ಕೆ ಬರಹಗಾರರ ಪಾಲು ಎಷ್ಟು ಅನ್ನುವುದು ಮುಖ್ಯ ಬೇಡಿಕೆ. ಈ ಸಲದ ನಿಯಮದಲ್ಲಿ, ಮುಷ್ಕರದ ಹೊತ್ತಿನಲ್ಲಿ 'ಎ ಇಂದ ಎಚ್' ಕೆಲಸಗಳನ್ನೂ ಮಾಡಬೇಡಿ ಅಂತ ಗಿಲ್ಡ್ ಹೇಳಿತು. ಅವು ನಿರ್ಮಾಪಕರ ಕರಾರಿನ ಕೆಲಸಗಳು, ಮಾಡಲೇಬೇಕು ಅಂತ ಸ್ಟುಡಿಯೋಗಳು ವಾದಿಸಿದವು. ಹಳೆಯ ತೀರ್ಪನ್ನು ನೋಡಿದರೆ ಕಾನೂನಿನ ಬಲ ಸ್ಟುಡಿಯೋಗಳ ಕಡೆಗೇ ಹೆಚ್ಚು ಇತ್ತು. ಆದರೂ ಬಹಳ ಜನ ಷೋರನ್ನರ್‌ಗಳು ತಾವಾಗಿಯೇ ಹೊರಗೆ ಬಂದು ಸಾಲಿನಲ್ಲಿ ನಿಂತರು. ತಮ್ಮದೇ ಸರಣಿಯ ಎಡಿಟಿಂಗಿಗೂ ಹೋಗದವರಿದ್ದರು. 2008ರ ಜನವರಿಯಲ್ಲಿ ಸ್ಟುಡಿಯೋಗಳು ಅನೇಕ ಬರಹಗಾರರ ದೊಡ್ಡ ಕರಾರುಗಳನ್ನು ರದ್ದು ಮಾಡಿದವು. ಅದನ್ನೂ ತಾಳಿಕೊಂಡರು.

ಈ ಘಟ್ಟದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. 1973ರಲ್ಲಿ ಗಿಲ್ಡ್ ದಂಡದಿಂದ ಪಡೆಯಲು ಹೋಗಿ ಕೋರ್ಟಿನಲ್ಲಿ ಕಳೆದುಕೊಂಡದ್ದನ್ನು, 2007ರಲ್ಲಿ ಸದಸ್ಯರೇ ಮನಸಾರೆ ಕೊಟ್ಟರು. ಯಾಕೆ? ಮೇಲೇರಿದವರಿಗೆ ತಾವು ಹತ್ತಿ ಬಂದ ಮೆಟ್ಟಿಲು ಮರೆತಿರಲಿಲ್ಲ ಅನ್ನುವುದು ಒಂದು. ಪ್ರೊಡ್ಯೂಸರ್ ಅನ್ನಿಸಿಕೊಂಡ ಮೇಲೂ 14ನೆಯ ವಿಧಿಯ ಮೂಲಕ ಸಂಘ ಅವರ ಪಿಂಚಣಿ, ಆರೋಗ್ಯವನ್ನು ಕಾದಿತ್ತು ಅನ್ನುವುದು ಇನ್ನೊಂದು. ಸಂಘ ಅವರನ್ನು 'ನೀನೀಗ ಮಾಲೀಕರ ಕಡೆಯವನು' ಅಂತ ಹೊರಗೆ ಕಳಿಸಿರಲಿಲ್ಲ, ಹಾಗಾಗಿ ಕಷ್ಟದ ದಿನ ಅವರು ಹೊರಗಿನವರಾಗಲಿಲ್ಲ.

2023ರದು ನಿಮಗೆಲ್ಲ ನೆನಪಿರುತ್ತದೆ, ಮೇ 2ರಿಂದ ಸೆಪ್ಟೆಂಬರ್ 27ರವರೆಗೆ, 148 ದಿನ. ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಅದು ಸುದ್ದಿಯಾಯಿತು. ನಮ್ಮ ಇವತ್ತಿನ ಮಾತಿಗೆ ಬೇಕಾದದ್ದು ಇನ್ನೊಂದು: ಸರಣಿ ಒಪ್ಪಿಗೆಯಾದ ಮೇಲೆ ಎಪಿಸೋಡುಗಳ ಸಂಖ್ಯೆ ನೋಡಿಕೊಂಡು ಮೂರರಿಂದ ಆರು ಬರಹಗಾರರಾದರೂ ಇರಲೇಬೇಕು ಅನ್ನುವ ನಿಯಮ. ಒಬ್ಬರೇ ಎಲ್ಲ ಎಪಿಸೋಡುಗಳನ್ನೂ ಬರೆಯುವುದಾದರೆ ಮಾತ್ರ ವಿನಾಯಿತಿ. ಬರಹಗಾರರ ಕೋಣೆಯನ್ನು ಚಿಕ್ಕದು ಮಾಡಿ, ಆಮೇಲಿನ ಎಲ್ಲ ತಿದ್ದುಪಡಿಯನ್ನೂ ಒಬ್ಬ ರೈಟರ್-ಪ್ರೊಡ್ಯೂಸರ್ ತಲೆಗೆ ಕಟ್ಟುವ ಪದ್ಧತಿಗೆ ಹಾಕಿದ ತಡೆ ಇದು.

ಟೈಟಲ್ ಕಾರ್ಡಿನ ಬಗ್ಗೆ ಒಂದು ಮಾತು. ಹೆಸರಿನ ವಿಷಯದಲ್ಲಿ ಗಿಲ್ಡ್ ನಿರ್ಮಾಪಕರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ, ನೋಡಬೇಕಾದದ್ದೇ. ಬೇರೊಬ್ಬರು ಬರೆದದ್ದರಲ್ಲಿ ನಿರ್ಮಾಪಕ ಹುದ್ದೆಯವರು ತಮ್ಮ ಹೆಸರೂ ಇರಲಿ ಅಂದರೆ, ಬರಹಗಾರ ಆಕ್ಷೇಪಿಸದಿದ್ದರೂ ಪಂಚಾಯ್ತಿಗೆ ಹೋಗಲೇಬೇಕು. ಕೈಕೆಳಗಿನವನು ಬಾಯಿ ಬಿಡಲಾರ ಅನ್ನುವುದನ್ನು ತಿಳಿದು ಮಾಡಿದ ನಿಯಮ ಇದು. ಪಂಚರು ಮೂವರು, ಮೂವರೂ ಬರಹಗಾರರೇ. ಕರಡುಗಳ ಮೇಲಿನ ಹೆಸರು ತೆಗೆದು ಓದಲು ಕೊಡುತ್ತಾರೆ. ಯಾವುದು ಯಜಮಾನರದು, ಯಾವುದು ಹೊಸ ಹುಡುಗನದು ಅಂತ ಅವರಿಗೆ ತಿಳಿಯುವುದಿಲ್ಲ. ಬರೀ ಪುಟಗಳು ಮಾತಾಡಬೇಕು.

ಈಗ ನನ್ನ ಕತೆ. ಇದನ್ನು ಹೇಳಲೋ ಬೇಡವೋ ಅಂತ ಬಸ್ಸಿನಲ್ಲಿ ಬರುವಾಗಲೂ ಯೋಚಿಸುತ್ತಿದ್ದೆ.

ನಾನು ಒಂದು ದೈನಿಕ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಎಪಿಸೋಡಿಗೆ ಇಷ್ಟು ಅಂತ ದುಡ್ಡು, ಕಾಗದ ಪತ್ರ ಏನೂ ಇಲ್ಲ. ಎರಡನೆಯ ವರ್ಷ ನನ್ನನ್ನು ಅಸೋಸಿಯೇಟ್ ಪ್ರೊಡ್ಯೂಸರ್ ಮಾಡಿದರು. ಟೈಟಲ್ ಕಾರ್ಡಿನಲ್ಲಿ ಆ ಪದ ನೋಡಿ ನಮ್ಮಮ್ಮ ಬಹಳ ಸಂತೋಷಪಟ್ಟರು. ನನ್ನ ಕೈಕೆಳಗೆ ಮೂವರು ಬರೆಯುವವರು ಬಂದರು. ಒನ್‌ಲೈನ್, ಅಂದರೆ ದೃಶ್ಯಗಳ ಸಾರಾಂಶ, ನಾನು ಒಪ್ಪಬೇಕು, ದೃಶ್ಯ ನಾನು ತಿದ್ದಬೇಕು, ಅವರ ಬಿಲ್ಲಿಗೆ ನಾನೇ ಸಹಿ ಹಾಕಬೇಕು. ಸಹಿ ಹಾಕುತ್ತಿದ್ದೆ, ದುಡ್ಡು ಬರುತ್ತಿರಲಿಲ್ಲ. ನಾಲ್ಕು ತಿಂಗಳು ಬಾಕಿಯಾದಾಗ ಮೂವರೂ ಮಾತಾಡಿಕೊಂಡು, ಬಾಕಿ ಬರುವವರೆಗೆ ದೃಶ್ಯ ಕಳಿಸುವುದಿಲ್ಲ ಅಂದರು. ಅದು ಮುಷ್ಕರ ಅಂತ ಆಗ ನನಗೆ ಅನ್ನಿಸಲೇ ಇಲ್ಲ. ಮೂರು ಜನ, ಮೂರು ಮೆಸೇಜು, ಅಷ್ಟೇ. ಆಜಾದ್ ಪಾರ್ಕ್ ವೃತ್ತದಲ್ಲಿ ಬಾವುಟ ಹಿಡಿದು ಕೂತಿದ್ದರೆ ಗುರುತು ಸಿಗುತ್ತಿತ್ತೇನೋ.

ಸಂಸ್ಥೆಯಿಂದ ಫೋನ್ ಬಂತು. ಪ್ರಸಾರಕ್ಕೆ ಸಿದ್ಧವಿರುವ ಎಪಿಸೋಡುಗಳ ದಾಸ್ತಾನಿಗೆ ನಮ್ಮಲ್ಲಿ ಬ್ಯಾಂಕ್ ಅನ್ನುತ್ತಾರೆ. "ಬ್ಯಾಂಕಿನಲ್ಲಿ ಎರಡೇ ಎಪಿಸೋಡ್ ಇದೆ ಸರ್. ನೀವೇ ಬರೆದುಬಿಡಿ. ನೀವು ಪ್ರೊಡ್ಯೂಸರ್ ಅಲ್ವಾ, ಷೋ ನಿಲ್ಲಬಾರದಲ್ವಾ." ನಾನು ಬರೆದೆ. ಒಂಬತ್ತು ದಿನ, ರಾತ್ರಿ ಹಗಲು. ಅವರು ಹಿಂದೆ ಕಳಿಸಿದ್ದ ಒನ್‌ಲೈನುಗಳನ್ನು ಇಟ್ಟುಕೊಂಡು, ತಿದ್ದುತ್ತಿದ್ದೇನೆ ಅಷ್ಟೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಹೊಸ ದೃಶ್ಯಗಳನ್ನೇ ಬರೆದೆ. ಹತ್ತನೆಯ ದಿನಕ್ಕೆ ಸಂಸ್ಥೆಗೆ ಆ ಮೂವರು ಬೇಕಾಗಿರಲಿಲ್ಲ. ಇಬ್ಬರು ಅರ್ಧ ಬಾಕಿಗೆ ಒಪ್ಪಿ ಮರಳಿದರು. ಇನ್ನೊಬ್ಬಳು ಬರೆಯುವುದನ್ನೇ ಬಿಟ್ಟು ಊರಿಗೆ ಹೋದಳು. ಆ ಮೂವರಲ್ಲಿ ಚೆನ್ನಾಗಿ ಬರೆಯುತ್ತಿದ್ದವಳು ಅವಳೇ.

ಆ ಸಲ ಊರಿಗೆ ಬಂದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ತಕ್ಕಡಿ ಹಿಡಿದೆ ಅನ್ನು" ಅಂದರು. ಬೇರೇನೂ ಅನ್ನಲಿಲ್ಲ. ಆ ತಪ್ಪು ನನ್ನದು. ನಿಯಮ ಇರಲಿಲ್ಲ ಅನ್ನುವುದು ಅದಕ್ಕೆ ಸಮಜಾಯಿಷಿ ಆಗುವುದಿಲ್ಲ. ಆದರೆ ನಿಯಮ ಇದ್ದಿದ್ದರೆ ಆ ರಾತ್ರಿ ಫೋನಿನಲ್ಲಿ ಹೇಳಲು ನನ್ನ ಬಾಯಲ್ಲಿ ಒಂದು ವಾಕ್ಯವಾದರೂ ಇರುತ್ತಿತ್ತು: "ಅದು ನನ್ನ ಕೆಲಸಕ್ಕೆ ಸೇರಿದ್ದಲ್ಲ ಸರ್."

ನಮ್ಮ ಕಾನೂನು ಏನು ಹೇಳುತ್ತದೆ? ಇಲ್ಲಿ ನಿರಾಸೆಯ ಭಾಗ ಮೊದಲು. ನಮ್ಮಲ್ಲಿ ಕಾರ್ಮಿಕ ಅನ್ನಿಸಿಕೊಂಡರೆ ಕೈಗಾರಿಕಾ ವಿವಾದದ ರಕ್ಷಣೆ ಉಂಟು. 1947ರ ಕೈಗಾರಿಕಾ ವಿವಾದ ಕಾಯ್ದೆ ಆ ಪದಕ್ಕೆ ಒಂದು ಅರ್ಥ ಕೊಟ್ಟಿತ್ತು. 2001ರಲ್ಲಿ, ಭೋಪಾಲದ ಭಾರತ ಭವನದ ನಟರ ಮೊಕದ್ದಮೆಯಲ್ಲಿ, ನಾಟಕದಲ್ಲಿ ತೊಡಗಿದ ಕಲಾವಿದ ಆ ಅರ್ಥದ ಕಾರ್ಮಿಕನಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಕಲೆಯ ಸೃಷ್ಟಿ ಆ ಚೌಕಟ್ಟಿಗೆ ಬರುವುದಿಲ್ಲ ಅನ್ನುವುದು ಅದರ ಧೋರಣೆ. ಇನ್ನು ಮೇಲ್ವಿಚಾರಕರು. ಮೇಲ್ವಿಚಾರಣೆ ಮಾಡುತ್ತಾ ಒಂದು ಮಿತಿಗಿಂತ ಹೆಚ್ಚು ಸಂಬಳ ಪಡೆಯುವವರು ಕಾರ್ಮಿಕರಲ್ಲ. 2010ರ ತಿದ್ದುಪಡಿಯಲ್ಲಿ ಆ ಮಿತಿ ತಿಂಗಳಿಗೆ 10,000 ರೂಪಾಯಿ ಆಗಿತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ಅಂದರೆ ಸಂಭಾಷಣೆ ಬರೆಯುವಾಗ ನಾವು ಕಲಾವಿದರು, ಆದ್ದರಿಂದ ಹೊರಗೆ. ಪ್ರೊಡ್ಯೂಸರ್ ಅನ್ನಿಸಿಕೊಂಡಾಗ ಮೇಲ್ವಿಚಾರಕರು, ಆಗಲೂ ಹೊರಗೆ.

ಆದರೆ ನಮ್ಮದೇ ದೇಶ ಇದನ್ನು ಒಂದು ಕಡೆ ಬಹಳ ಹಿಂದೆಯೇ ಬಿಡಿಸಿಟ್ಟಿದೆ, ನಾವು ಅತ್ತ ನೋಡಿಲ್ಲ. 1955ರ ಶ್ರಮಜೀವಿ ಪತ್ರಕರ್ತರ ಕಾಯ್ದೆ ನೋಡಿ. ಪತ್ರಕರ್ತರೂ ಬರೆಯುವವರೇ. ಆ ಕಾಯ್ದೆ ಪತ್ರಕರ್ತ ಅಂದರೆ ಯಾರು ಅಂತ ಹೇಳುವಾಗ ಸಂಪಾದಕನಿಂದ ಶುರುಮಾಡಿ ಕರಡು ತಿದ್ದುವವರವರೆಗೆ ಎಲ್ಲರನ್ನೂ ಒಳಗೆ ಸೇರಿಸಿತು. ಸಂಪಾದಕ ಹತ್ತಾರು ಜನರ ಮೇಲೆ ಅಧಿಕಾರ ಇರುವವನು, ಇನ್ನೊಬ್ಬರ ಬರಹ ತಿದ್ದುವವನು, ಬೇಡ ಅನ್ನಬಲ್ಲವನು. ಆದರೂ ಒಳಗೆ. ಹೊರಗಿಟ್ಟದ್ದು 'ಮುಖ್ಯವಾಗಿ' ಆಡಳಿತದ ಕೆಲಸ ಮಾಡುವವರನ್ನು ಮಾತ್ರ. ಆ 'ಮುಖ್ಯವಾಗಿ' ಅನ್ನುವ ಪದ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹುದ್ದೆಯ ಹೆಸರು ಏನೇ ಇರಲಿ, ದಿನದ ಹೆಚ್ಚು ಹೊತ್ತು ನಿನ್ನ ಕೈ ಏನು ಮಾಡುತ್ತದೆ? ಧಾರಾವಾಹಿಯವರಿಗೂ ಇದೇ ಅಳತೆಗೋಲು ಬೇಕು ಅಂತ ಕೇಳಲು ನಮಗೆ ಮನೆಯೊಳಗಿನ ಉದಾಹರಣೆಯೇ ಇದೆ.

ಇನ್ನೊಂದು, ಕೃತಿಸ್ವಾಮ್ಯ. 1957ರ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ. ಈ ವ್ಯಾಖ್ಯೆಯಲ್ಲಿ ನಮ್ಮ ಧಾರಾವಾಹಿಯೂ ಬರುತ್ತದೆ. ನಿರ್ಮಾಪಕ ಅಂದರೆ ಅದನ್ನು ಮಾಡುವ ಉಪಕ್ರಮ ಮತ್ತು ಹೊಣೆ ಹೊತ್ತವನು. ಅಸೋಸಿಯೇಟ್ ಪ್ರೊಡ್ಯೂಸರ್, ಕ್ರಿಯೇಟಿವ್ ಪ್ರೊಡ್ಯೂಸರ್ ಅಂತ ಕಾರ್ಡು ಹಾಕಿದ ಮಾತ್ರಕ್ಕೆ ಆ ಹಕ್ಕು ನಮಗೆ ಬರುವುದಿಲ್ಲ, ಹಣ ಹಾಕಿ ಹೊಣೆ ಹೊತ್ತವರು ಬೇರೆ. ಆದರೆ ಚಿತ್ರಕಥೆ, ಸಂಭಾಷಣೆ ಬೇರೆಯೇ ಸಾಹಿತ್ಯ ಕೃತಿಗಳು, ಅವುಗಳ ಕರ್ತೃ ಬರೆದವರು. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಿಗೆ ರಾಯಧನದ ಪಾಲು ಪಡೆಯುವ ಹಕ್ಕನ್ನು ಬರೆದವರು ಬರೆದುಕೊಟ್ಟರೂ ಅದು ನಿರ್ಮಾಪಕರ ಪಾಲಾಗುವುದಿಲ್ಲ, ಕಾಯ್ದೆ ಒಪ್ಪುವುದಿಲ್ಲ. ಆದ್ದರಿಂದ 'ಪ್ರೊಡ್ಯೂಸರ್' ಪದದ ಸಂತೋಷದಲ್ಲಿ 'ಚಿತ್ರಕಥೆ', 'ಸಂಭಾಷಣೆ' ಅನ್ನುವ ಕಾರ್ಡು ಬಿಟ್ಟುಕೊಡಬೇಡಿ. ನಾನು ಬಿಟ್ಟುಕೊಟ್ಟಿದ್ದೆ.

ಮುಂಬೈಯಲ್ಲಿ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ, 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ನೋಂದಾಯಿಸಿದ್ದು. ಬರೆದದ್ದನ್ನು ನೋಂದಾಯಿಸಬಹುದು, ಹೆಸರು, ಹಣದ ತಕರಾರು ಒಯ್ಯಬಹುದು. ಅದರ ಕೆಲಸದ ಬಗ್ಗೆ ಓದಿಕೊಳ್ಳಿ. ಕನ್ನಡ ಧಾರಾವಾಹಿ ಬರೆಯುವವರು ತಮ್ಮ ತಮ್ಮಲ್ಲೇ ಒಂದು ಹಾಳೆಯ ಒಪ್ಪಂದ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಎಂಟು ಕೆಲಸಗಳು ಯಾವುವು ಅಂತ ನಾವೇ ಬರೆಯೋಣ. ನಮ್ಮದು ಎಂಟೇ ಇರಬೇಕಾಗಿಲ್ಲ. ಟಿಆರ್‌ಪಿ ಬಿದ್ದ ಗುರುವಾರ ಟ್ರ್ಯಾಕನ್ನೇ, ಅಂದರೆ ಕತೆಯ ದಾರಿಯನ್ನೇ, ಬದಲಿಸುವುದು ಅಮೆರಿಕದ ಪಟ್ಟಿಯಲ್ಲಿಲ್ಲ, ನಮ್ಮ ಪಟ್ಟಿಯಲ್ಲಿ ಇರಬೇಕು, ಅದೂ 'ಬರವಣಿಗೆ' ಅನ್ನುವ ಕಡೆ. ಸಹಬರಹಗಾರರ ದುಡ್ಡು ಬಾಕಿಯಿರುವಾಗ ಅವರ ದೃಶ್ಯವನ್ನು ನಾನು ಬರೆಯುವುದಿಲ್ಲ ಅನ್ನುವ ಸಾಲು, ಮೇಲೇರಿದವರಿಂದಲೇ ಸಹಿ ಹಾಕಿಸಿಕೊಂಡು, ಮೊದಲ ಸಾಲಾಗಿ ಇರಬೇಕು.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ನಾಳೆ ನೀವೇ ನನ್ನ ಪ್ರೊಡ್ಯೂಸರ್ ಆದ್ರೆ, ನಾನು ನಿಮ್ಮನ್ನ ನಂಬಬಹುದಾ?" ನಂಬಬೇಡ, ಬರೆಸಿಕೋ ಅಂದೆ. ಅವಳು ತಾನು ತಂದಿದ್ದ ಕರಾರನ್ನು ಚೀಲದಿಂದ ತೆಗೆದಳು. ಆರು ಪುಟ. ನಾಲ್ಕನೆಯ ಪುಟದಲ್ಲಿ, 'ಬರಹಗಾರರು ಅಗತ್ಯ ಬಿದ್ದಾಗ ನಿರ್ಮಾಣಕ್ಕೆ ಸಂಬಂಧಿಸಿದ ಇತರ ಕೆಲಸಗಳನ್ನೂ ಮಾಡತಕ್ಕದ್ದು' ಅಂತಿತ್ತು. ಐದು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊರಗಿನ ಮೆಟ್ಟಿಲ ಮೇಲೆ ಕೂತು, ಆ 'ಇತರ ಕೆಲಸಗಳು' ಯಾವುವು ಅಂತ ಅವಳು ಒಂದೊಂದಾಗಿ ಕೇಳುತ್ತಾ ಹೋದಳು. ನಾನು ಹೇಳಿದ್ದನ್ನು ಅವಳು ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಂಡಳು.